ಅಡುಗೆಮನೆಯ ಫೋನಿಗೊಂದು ಸುರಂಗ

ಮೈಸೂರು ಲಕ್ಷ್ಮೀಪುರಂನ ಒಂದು ಮನೆಯಲ್ಲಿ ಯಜಮಾನರು ಬೆಳಗಿನ ಕಾಫಿ ಜೊತೆ ಪೇಪರ್ ಓದುವುದಿಲ್ಲ, ಮನೆಯವರ ಮೊಬೈಲ್ ಓದುತ್ತಾರೆ. ಹೊಸದಾಗಿ ಹಾಕಿಸಿದ ವೈಫೈ ಡಬ್ಬಿಯ ಜೊತೆಗೆ ಒಂದು ಆ್ಯಪ್ ಬಂದಿದೆ. ಮನೆಯ ಯಾವ ಫೋನು ಎಷ್ಟು ಹೊತ್ತಿಗೆ ಯಾವ ವೆಬ್‌ಸೈಟಿಗೆ ಹೋಗಿತ್ತು ಎಂದು ಅದು ಸಾಲಾಗಿ ತೋರಿಸುತ್ತದೆ. ಒಳಗೆ ಹೋಗಿ ಏನು ಓದಿದರು ಎನ್ನುವುದು ಕಾಣುವುದಿಲ್ಲ, ಹೋದ ಜಾಗದ ಹೆಸರು ಮಾತ್ರ ಕಾಣುತ್ತದೆ. ಅವರಿಗೆ ಅಷ್ಟೇ ಸಾಕು. ಹೆಂಡತಿ ಯಾವ ಸೀರೆ ಅಂಗಡಿ ನೋಡಿದರು, ಅಡುಗೆಯಾಕೆ ಯಾವ ಸೀರಿಯಲ್ ನೋಡಿದಳು, ಎಲ್ಲವನ್ನೂ ಲೋಟ ಖಾಲಿಯಾಗುವವರೆಗೆ ಗಟ್ಟಿಯಾಗಿ ಓದಿ ನಗುತ್ತಾರಂತೆ. ಆ ಪಟ್ಟಿಯಲ್ಲಿ ಅಡುಗೆಯಾಕೆಯ ಫೋನಿಗೆ ಅವಳ ಹೆಸರಿಲ್ಲ. ‘ಕಿಚನ್’ ಎಂದು ಹಾಕಿಕೊಂಡಿದ್ದಾರೆ.

ಇದನ್ನು ನನಗೆ ಹೇಳಿದ್ದು ಆ ಅಡುಗೆಯಾಕೆಯೇ. ನಾನು ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಆಕೆ ಏಳು ವರ್ಷದಿಂದ ನಮ್ಮಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಊರು ಇಲವಾಲ, ಒಂಬತ್ತು ವರ್ಷದಿಂದ ವಾರವೆಲ್ಲ ಆ ಮನೆಯಲ್ಲೇ ಇದ್ದು ಭಾನುವಾರ ಊರಿಗೆ ಹೋಗುತ್ತಾಳೆ. ಅವಳ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ವರ್ಷಗಳೇ ಆದವು. ಅಡುಗೆಯಿಂದ, ತಟ್ಟೆ ಲೋಟದಿಂದ ಅದು ಹರಡುವುದೂ ಇಲ್ಲ. ಈ ಮಾತನ್ನು ನಾವು ಎಷ್ಟು ಗೋಡೆಗೆ ಅಂಟಿಸಿದರೂ ಅಷ್ಟೇ. ಅಡುಗೆಯಾಕೆಗೆ ಈ ಕಾಯಿಲೆ ಇದೆ ಎಂದು ಗೊತ್ತಾದ ಮನೆಯಲ್ಲಿ ಮರುದಿನ ಅವಳು ಒಲೆ ಹಚ್ಚುವ ಹಾಗಿಲ್ಲ. ಹಾಗೆ ಕೆಲಸ ಕಳೆದುಕೊಂಡು ಬಂದು ನನ್ನೆದುರು ಕೂತವರನ್ನು ನಾನು ನೋಡಿದ್ದೇನೆ.

ಆ ಸಲ ಆಕೆ ಮೂರು ದಿನ ತಡವಾಗಿ ಬಂದಳು. ಮೂರು ದಿನ ಮಾತ್ರೆ ಇರಲಿಲ್ಲ. ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ನಾನು ಹಿಂದೆಮುಂದೆ ನೋಡದೆ ಬೈದುಬಿಟ್ಟೆ. ಪೂರ್ತಿ ಬೈಸಿಕೊಂಡ ಮೇಲೆ ಆಕೆ ಹೇಳಿದಳು.

“ಟೋಕನ್ ಮಾಡಕ್ಕೆ ಆಗ್ಲಿಲ್ಲ ಮೇಡಂ. ಅವ್ರು ಎಲ್ಲಾನೂ ಓದ್ತಾರೆ.”

ಟೋಕನ್ನಿನ ಕಥೆ ಹೇಳಿದರೆ ನನ್ನ ರಕ್ತ ಈಗಲೂ ಕುದಿಯುತ್ತದೆ. ಮೊದಲು ರೋಗಿಗಳು ಬಂದು ಸಾಲಿನಲ್ಲಿ ನಿಂತರೆ ಆಗುತ್ತಿತ್ತು. ಆಮೇಲೆ ಮೇಲಿನವರಿಗೆ ಜ್ಞಾನೋದಯವಾಗಿ ವೆಬ್‌ಸೈಟ್ ಮಾಡಿಸಿದರು. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಟೋಕನ್ ತೆರೆದುಕೊಳ್ಳುತ್ತದೆ, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಟೋಕನ್ ಇಲ್ಲದವರು ಮಧ್ಯಾಹ್ನದವರೆಗೆ ಕಾಯಬೇಕು. ಆಕೆಗೆ ಸಿಗುವುದು ತಿಂಗಳಿಗೊಮ್ಮೆ, ಬಿಪಿ ತೋರಿಸಿಕೊಂಡು ಬರುತ್ತೇನೆಂದು ಕೇಳಿ ಪಡೆಯುವ ಎರಡು ಗಂಟೆ. ಹೋಗಲಿ, ನಾವೇ ಟೋಕನ್ ಮಾಡಿಕೊಡೋಣ ಎಂದರೆ ರೋಗಿಯ ಫೋನಿನಿಂದಲೇ ಆಗಬೇಕು, ಸಿಬ್ಬಂದಿ ಮಾಡಬಾರದು ಎಂದು ಸುತ್ತೋಲೆ. ಬೆಳಿಗ್ಗೆ ಎಂಟಕ್ಕೆ ತಿಂಡಿ ಹೊತ್ತು, ಭಾನುವಾರವೂ ಆಕೆ ಅಡುಗೆಮನೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಹಳೇ ಕಾಲದ ದಪ್ಪ ಗೋಡೆಯ ಹಿಂಬದಿಯ ಆ ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ, ವೈಫೈ ಒಂದೇ ಗತಿ. ಇದೆಲ್ಲದರ ಮೇಲೆ, ಆ ವೆಬ್‌ಸೈಟಿನ ವಿಳಾಸದಲ್ಲೇ ಕಾಯಿಲೆಯ ಹೆಸರನ್ನು ಸೇರಿಸಿಟ್ಟಿದ್ದಾರೆ. ಅದನ್ನು ಇಟ್ಟ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಹೆಸರು ಬದಲಿಸಿ ಎಂದು ಪತ್ರ ಬರೆದೆ. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು.

ಆ ವೆಬ್‌ಸೈಟಿಗೆ ಹೋಗುವುದನ್ನು ಆಕೆಗೆ ಕಲಿಸಿಕೊಟ್ಟವಳು ನಾನೇ. ಎರಡು ಸಲ ಅಡುಗೆಮನೆಯಿಂದ ಹೋಗಿದ್ದಳು, ಪುಣ್ಯಕ್ಕೆ ಆಗಿನ್ನೂ ಹಳೇ ವೈಫೈ ಡಬ್ಬಿಯೇ ಇತ್ತು, ಆ ಹೊಸದು ಬಂದಿರಲಿಲ್ಲ. ತಪ್ಪು ನನ್ನದು, ಸರಿ ಮಾಡಬೇಕಾದವಳೂ ನಾನೇ ಎಂದುಕೊಂಡೆ.

ನನಗೆ ಮೊಬೈಲ್ ವಿಷಯದಲ್ಲಿ ವಿಶೇಷ ಜ್ಞಾನವೇನೂ ಇಲ್ಲ. ಲಷ್ಕರ್ ಮೊಹಲ್ಲಾದಲ್ಲಿ ನನ್ನ ಫೋನಿನ ಗಾಜು ಹಾಕಿಸಿದ ಅಂಗಡಿಯವರಿದ್ದಾರೆ, ಅವರನ್ನು ಕೇಳಿದೆ. ಯಾರಿಗೆ, ಯಾಕೆ ಎಂದು ಹೇಳಲಿಲ್ಲ. ಮನೆ ವೈಫೈಯವರಿಗೆ ನಾವು ಏನು ನೋಡ್ತೀವಿ ಅಂತ ಕಾಣಬಾರದು, ಅಷ್ಟೇ ಎಂದೆ.

“ಅದಕ್ಕೇನ್ ಮೇಡಂ, ವಿಪಿಎನ್ ಹಾಕ್ಕೊಂಬುಡಿ. ಫ್ರೀ ಐತೆ, ರಾಶಿ ಐತೆ” ಎಂದರು. ಅವರು ಬಿಡಿಸಿ ಹೇಳಿದ್ದು ಇಷ್ಟು. ಫೋನಿನಿಂದ ದೂರದ ಒಂದು ಸರ್ವರಿಗೆ ಸುರಂಗ ತೋಡಿದ ಹಾಗೆ. ನಮ್ಮ ಓಡಾಟವೆಲ್ಲ ಆ ಸುರಂಗದೊಳಗೆ. ವೈಫೈ ಡಬ್ಬಿಗೆ ಸುರಂಗದ ಬಾಯಿ ಕಾಣುತ್ತದೆ, ಒಳಗೆ ಯಾರು ಎಲ್ಲಿಗೆ ಹೋದರು ಎನ್ನುವುದು ಕಾಣುವುದಿಲ್ಲ.

ಅವರು ತೋರಿಸಿದ್ದನ್ನು ಮೊದಲು ನನ್ನ ಫೋನಿಗೇ ಹಾಕಿಕೊಂಡೆ. ತೆರೆದ ಕೂಡಲೇ ಪರದೆ ತುಂಬ ಜೂಜಿನ ಜಾಹೀರಾತು. ಅದು ಮುಗಿದರೆ ನನ್ನ ಫೋನ್‌ಬುಕ್ ಬೇಕಂತೆ, ನಾನು ಎಲ್ಲಿದ್ದೇನೆ ಎಂದು ತಿಳಿಯಬೇಕಂತೆ. ಸುರಂಗ ತೋಡುವವನಿಗೆ ನನ್ನ ಅತ್ತೆಯ ನಂಬರ್ ಯಾಕೆ? ಯಾರೂ ಓದದ ಆ ಉದ್ದದ ಕರಾರನ್ನು ನಾನು ಕೂತು ಓದಿದೆ. ಬಳಸುವವರು ಭೇಟಿ ಕೊಡುವ ವಿಳಾಸಗಳನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು ಎಂದು ನಡುವೆ ಎಲ್ಲೋ ಬರೆದಿತ್ತು. ಒಬ್ಬ ಯಜಮಾನರ ಕಣ್ಣು ತಪ್ಪಿಸಲು ಹೋಗಿ ಊರಿಗೆಲ್ಲ ಡಂಗುರ ಸಾರಿದ ಹಾಗಾಗುತ್ತಿತ್ತು. ತೆಗೆದು ಬಿಸಾಕಿದೆ.

ಯಾವುದು ಒಳ್ಳೆಯದು ಎಂದು ಹುಡುಕಿದರೆ ಎಲ್ಲ ಕಡೆ ಅದೇ ಐದಾರು ಹೆಸರು, ಅದೇ ಹೊಗಳಿಕೆ, ಕೆಳಗೆ ‘ಇಲ್ಲಿ ಒತ್ತಿ’. ಒತ್ತಿದರೆ ಬರೆದವರಿಗೆ ಕಮಿಷನ್ ಹೋಗುತ್ತದಂತೆ. ಹೆದರಿಕೊಂಡವರನ್ನು ಇನ್ನಷ್ಟು ಹೆದರಿಸಿ ವ್ಯಾಪಾರ ಮಾಡುವುದಕ್ಕೆ ಇವರಿಗೆ ನಾಚಿಕೆಯೂ ಇಲ್ಲ. ಆಮೇಲೆ ನಾನು ಹೊಗಳಿಕೆ ಓದುವುದನ್ನೇ ಬಿಟ್ಟು, ನನಗೆ ಏನು ಬೇಕು ಎಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ಓಡಾಟದ ದಾಖಲೆ ಇಟ್ಟುಕೊಳ್ಳಬಾರದು, ಅದನ್ನು ಹೊರಗಿನವರು ಪರೀಕ್ಷಿಸಿರಬೇಕು. ಫೋನ್‌ಬುಕ್ ಕೇಳಬಾರದು. ಜಾಹೀರಾತು ಬೇಡ. ಹಳೇ ಫೋನಿನಲ್ಲೂ ನಡೆಯಬೇಕು. ಒಂದು ವಾರ ಊಟದ ಬಿಡುವಿನಲ್ಲೆಲ್ಲ ಇದೇ ಕೆಲಸ. ಕೊನೆಗೆ ಒಂದು ಸಿಕ್ಕಿತು. ಉಚಿತ, ಆದರೆ ವೇಗ ಕಡಿಮೆ. ಟೋಕನ್ ಮಾಡಲು ವೇಗ ಯಾರಿಗೆ ಬೇಕು. ನಮ್ಮ ದೇಶದಲ್ಲಿ ಅದರ ಸರ್ವರ್ ಇರಲಿಲ್ಲ, ಹತ್ತಿರದ್ದು ಸಿಂಗಾಪುರ. ಸೆಟ್ಟಿಂಗ್‌ಗಳು ಎಷ್ಟಿದ್ದವೆಂದರೆ ನನಗೆ ತಲೆ ತಿರುಗಿತು. ಆ ಸೆಟ್ಟಿಂಗ್‌ಗಳೇ ಮುಂದೆ ಕೈ ಹಿಡಿಯುತ್ತವೆಂದು ಆಗ ಗೊತ್ತಿರಲಿಲ್ಲ.

ಭಾನುವಾರ ಆಕೆ ಇಲವಾಲದ ಬಸ್ಸು ಹಿಡಿಯುವ ಮುಂಚೆ ಸಿಟಿ ಬಸ್ ನಿಲ್ದಾಣದಲ್ಲಿ ಇಬ್ಬರೂ ಕೂತೆವು. ಫೋನಿನಲ್ಲಿ ಜಾಗವೇ ಇರಲಿಲ್ಲ. ಶುಭೋದಯದ ಹೂವಿನ ಚಿತ್ರಗಳನ್ನು ಅಳಿಸಿ ಅಳಿಸಿ ಹೆಬ್ಬೆರಳು ಸೋತಿತು. ಆ್ಯಪ್ ಹಾಕಿ, ಸಿಂಗಾಪುರ ಆಯ್ದು, ಫೋನಿನ ಸೆಟ್ಟಿಂಗ್‌ಗೆ ಹೋಗಿ ಎರಡು ಗುಂಡಿಗಳನ್ನೂ ಹಾಕಿದೆ. ಮೇಲಿನ ಗುಂಡಿ, ವಿಪಿಎನ್ ಸದಾ ಚಾಲೂ ಇರಲಿ ಎಂದು. ಕೆಳಗಿನದು, ವಿಪಿಎನ್ ಇಲ್ಲದೆ ಏನೂ ಹೊರಗೆ ಹೋಗದಿರಲಿ ಎಂದು. ಭದ್ರವಾಯಿತು ಎಂದು ಬೀಗಿದೆ.

ನಾಲ್ಕು ದಿನಕ್ಕೆ ಯಜಮಾನರು ಕೇಳಿದರಂತೆ. “ಏನಮ್ಮ, ನಿನ್ನ ಫೋನು ನಾಲ್ಕು ದಿನದಿಂದ ಎಲ್ಲೂ ಹೋಗ್ತಾನೇ ಇಲ್ವಲ್ಲ. ಒಂದೇ ಕಡೆ ಹೋಗಿ ಕೂತ್ಬಿಟ್ಟಿದೆ. ಏನ್ ನಡೆಸ್ತಿದ್ದೀಯ?” ಪಟ್ಟಿಯಲ್ಲಿ ಸೀರಿಯಲ್ ಇಲ್ಲ, ಹಾಡಿಲ್ಲ, ಬರೀ ಒಂದು ಅಂಕಿಯ ವಿಳಾಸ. ಏನೂ ಕಾಣದಿದ್ದದ್ದೇ ಅವರಿಗೆ ಕಂಡಿತ್ತು. ಆಕೆ ನೆಟ್ ಪ್ಯಾಕ್ ಕೆಟ್ಟಿದೆ ಎಂದು ಏನೋ ತೊದಲಿ, ಫೋನಿನ ವೈಫೈಯನ್ನೇ ಆರಿಸಿಬಿಟ್ಟಿದ್ದಳು.

ಮುಂದಿನ ಭಾನುವಾರ ಅದೇ ಬೆಂಚಿನ ಮೇಲೆ ಇದನ್ನು ಕೇಳಿ ನನಗೆ ಬಂದ ಸಿಟ್ಟಿಗೆ ಪಕ್ಕದಲ್ಲಿದ್ದ ಹೂವಿನವರು ತಿರುಗಿ ನೋಡಿದರು. “ಒಂಬತ್ತು ವರ್ಷ ಕೈಯಾರೆ ಬಡಿಸಿದ್ದೀರಿ. ನಿಮ್ಮ ಫೋನಲ್ಲಿ ನೀವು ಏನು ನೋಡಿದ್ರೆ ಅವರಿಗೇನ್ರೀ? ಹೋಗಿ ಕೇಳಿ” ಎಂದೆ. ಕೇಳಿ ಎಂದು ಹೇಳುವುದು ನನಗೆ ಸುಲಭ. ಆಕೆ ನನ್ನ ಆವೇಶ ಮುಗಿಯಲಿ ಎಂದು ಕಾದಳು.

“ಮೇಡಂ, ಎಲ್ಲಾನೂ ಯಾಕ್ ಮುಚ್ಚುದ್ರಿ? ಸೀರಿಯಲ್ಲು, ಹಾಡು ಅವ್ರಿಗೇ ಬುಡಿ. ಓದ್ಕಂಡು ನಗ್ಲಿ. ಇದೊಂದು ನಂಗಿರ್ಲಿ.”

ಒಂದು ವಾರ ಕೂತು ಕರಾರು ಓದಿದವಳು ನಾನು, ದಾರಿ ತೋರಿಸಿದವಳು ಆಕೆ. ಆ ಆ್ಯಪಿನಲ್ಲಿ ಅದಕ್ಕೂ ಸೆಟ್ಟಿಂಗ್ ಇತ್ತು: ನಾವು ಆಯ್ದ ಆ್ಯಪ್‌ಗಳು ಮಾತ್ರ ಸುರಂಗದಲ್ಲಿ, ಉಳಿದವು ಎಂದಿನ ಬೀದಿಯಲ್ಲಿ. ಟೋಕನ್ನಿಗೆಂದೇ ಪುಟ್ಟದೊಂದು ಬೇರೆ ಬ್ರೌಸರ್ ಹಾಕಿದೆ. ಟಾರ್ಚು, ಕ್ಯಾಲ್ಕುಲೇಟರ್ ಇರುವ ಕಡೆ ಅದನ್ನು ಅಡಗಿಸಿ, ಅದೊಂದನ್ನೇ ಸುರಂಗಕ್ಕೆ ಸೇರಿಸಿದೆ.

ಸೇರಿಸಿದರೆ ಹಾಡು ನಿಂತುಹೋಯಿತು. ಸೀರಿಯಲ್ಲೂ ಬರಲಿಲ್ಲ. ಒಂದು ಬಸ್ಸು ಹೋಯಿತು, ಎರಡನೆಯದೂ ಹೋಯಿತು. ಅಳಿಸಿ ಮತ್ತೆ ಹಾಕಿದೆ, ಫೋನ್ ಆರಿಸಿ ಹಚ್ಚಿದೆ, ಸಿಂಗಾಪುರ ಬಿಟ್ಟು ಬೇರೆ ದೇಶ ಹಿಡಿದೆ. ಕೊನೆಗೆ ಹೊಳೆಯಿತು. ಹೋದ ವಾರ ನಾನೇ ಹಾಕಿದ್ದ ಕೆಳಗಿನ ಗುಂಡಿ, ವಿಪಿಎನ್ ಇಲ್ಲದೆ ಏನೂ ಹೊರಗೆ ಹೋಗಬಾರದು ಎನ್ನುವುದು, ಹಾಡನ್ನೂ ಬಾಗಿಲಲ್ಲೇ ತಡೆಯುತ್ತಿತ್ತು. ಅದನ್ನು ಆರಿಸಿದೆ. ಅದರ ಬದಲು ಆ್ಯಪಿನೊಳಗೇ ಇನ್ನೊಂದು ಕಾವಲಿತ್ತು: ಸುರಂಗ ಕುಸಿದರೆ ಅದಕ್ಕೆ ಸೇರಿಸಿದ ಬ್ರೌಸರ್ ಮಾತ್ರ ನಿಲ್ಲುತ್ತದೆ, ಉಳಿದವು ನಡೆಯುತ್ತವೆ. ಅದನ್ನು ಹಾಕಿದೆ. ಪರೀಕ್ಷೆಗೆ, ನಾವು ಎಲ್ಲಿದ್ದೇವೆಂದು ಹೇಳುವ ಒಂದು ಪುಟವನ್ನು ಎರಡೂ ಬ್ರೌಸರಿನಲ್ಲಿ ತೆರೆದೆವು. ಒಂದು ಮೈಸೂರು ಎಂದಿತು, ಇನ್ನೊಂದು ಸಿಂಗಾಪುರ ಎಂದಿತು.

“ನೋಡಿ, ಇಲವಾಲದ ಬಸ್ಸಿಗೆ ಕಾಯ್ತಾ ಎಲ್ಗೋ ಹೋಗ್ಬುಟ್ಟಿವ್ನಿ” ಎಂದು ಆಕೆ ನಕ್ಕಳು.

ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಯಜಮಾನರು ಸೀರಿಯಲ್ಲು ಓದಿ ನಕ್ಕರು. ಆಕೆ ಒಗ್ಗರಣೆ ಹಾಕುತ್ತ ಟೋಕನ್ ಮಾಡಿದಳು. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ನಾನು ಕೇಂದ್ರದಲ್ಲಿ ಇನ್ನಿಬ್ಬರ ಫೋನಿಗೂ ಅದನ್ನೇ ಹಾಕಿಕೊಟ್ಟು ದೊಡ್ಡ ಇಂಜಿನಿಯರ್ ಹಾಗೆ ಓಡಾಡಿದೆ.

ಆಮೇಲೆ ಆಯುಧಪೂಜೆ ಬಂತು.

ಆ ಮನೆಯಲ್ಲಿ ಆಯುಧಪೂಜೆ ಕಟ್ಟುನಿಟ್ಟು. ಕಾರು, ಮಿಕ್ಸಿ, ಗ್ರೈಂಡರು, ಈಳಿಗೆಮಣೆ, ಜೊತೆಗೆ ಮನೆಮಂದಿಯ ಲ್ಯಾಪ್‌ಟಾಪು, ಫೋನು, ವೈಫೈ ಡಬ್ಬಿ ಎಲ್ಲ ಆರಿಸಿ, ಕುಂಕುಮ ಹಚ್ಚಿ, ಹೂವಿಟ್ಟು ಸಾಲಾಗಿ ಇಡುತ್ತಾರೆ. ವಿಜಯದಶಮಿ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅಡುಗೆಯಾಕೆಯ ಫೋನೂ ಆ ಸಾಲಿನಲ್ಲಿ ಕೂತಿತು. ನಾವು ಕೇಂದ್ರದಲ್ಲಿ ತಕ್ಕಡಿಗೂ ಕಂಪ್ಯೂಟರಿಗೂ ಕುಂಕುಮ ಹಚ್ಚಿದವರೇ. ಆದರೂ ಫೋನು ಆರಿಸಿದರೆ ಏನಾದೀತು ಎಂಬ ಯೋಚನೆ ನನಗೆ ಒಂದು ಸಲವೂ ಬರಲಿಲ್ಲ. ಆಕೆ ಫೋನ್ ಆರಿಸುವವಳೇ ಅಲ್ಲ. ವರ್ಷಕ್ಕೆ ಆರಿಸುವುದು ಆ ಒಂದು ದಿನ.

ವಿಜಯದಶಮಿ ಬೆಳಿಗ್ಗೆ ಎತ್ತಿಕೊಂಡಳು, ಹಚ್ಚಿದಳು. ಮರುದಿನಕ್ಕೆ ಟೋಕನ್ ಬೇಕು, ಎಂಟು ಗಂಟೆ. ಆ ಪುಟ್ಟ ಬ್ರೌಸರ್ ತೆರೆದು ಟೋಕನ್ ಮಾಡಿದಳು. ವಿಪಿಎನ್ ಎದ್ದೇ ಇರಲಿಲ್ಲ. ಎದ್ದಿರದ ಕಾವಲು ಯಾರನ್ನು ತಡೆಯುತ್ತದೆ. ಕೇಂದ್ರದ ವಿಳಾಸ, ಅದರೊಳಗಿನ ಕಾಯಿಲೆಯ ಹೆಸರಿನ ಸಮೇತ, ‘ಕಿಚನ್’ ಎಂಬ ಸಾಲಿನ ಮುಂದೆ ಹೋಗಿ ಕೂತಿತು.

ಮರುದಿನ ಹತ್ತು ಗಂಟೆಗೆ ಆಕೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಕೂತಳು.

“ಬೆಳಿಗ್ಗೆ ಓದ್ಬುಟ್ರು ಮೇಡಂ.”

ಕೆಲಸ ಹೋಯಿತು, ನನ್ನಿಂದಲೇ ಹೋಯಿತು ಎಂದುಕೊಂಡೆ. ಆಕೆ ನಡೆದದ್ದನ್ನು ನಡೆದಂತೆ ಹೇಳಿದಳು. ಯಜಮಾನರು ಆ ಸಾಲು ಓದಿ, ನಗದೆ, ಲೋಟ ಕೆಳಗಿಟ್ಟರಂತೆ. ಇವಳನ್ನು ಕರೆದು ಎದುರು ನಿಲ್ಲಿಸಿಕೊಂಡು, “ಇದೇನಿದು? ನಿನಗೆ ಯಾಕೆ ಬೇಕಾಯ್ತು ಇದು?” ಎಂದರಂತೆ. ಇವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ಹೂವು ಕಟ್ಟುತ್ತಿದ್ದ ಮನೆಯಮ್ಮ ತಲೆ ಎತ್ತದೆ ಹೇಳಿದರಂತೆ.

“ಅದು ನಾನು ಕಣ್ರೀ. ಅವಳ ಫೋನ್ ಇಸ್ಕೊಂಡು ನಾನೇ ನೋಡಿದ್ದು.”

“ನೀನಾ? ನಿನಗ್ಯಾಕೆ?”

“ಕೆಲಸದಲ್ಲಿದ್ದಾಗ ಟೂರು ಟೂರು ಅಂತ ಊರೂರು ತಿರುಗಿದವರು ನೀವು. ಒಂದು ಸಲ ಪರೀಕ್ಷೆ ಮಾಡಿಸ್ಕೊಳ್ಳೋದು ಒಳ್ಳೇದು ಅನ್ನಿಸ್ತು. ನನ್ನ ಫೋನಲ್ಲಿ ನೋಡಿದ್ರೆ ನೀವು ಓದ್ತೀರಲ್ಲ, ಅದಕ್ಕೆ ಅವಳದ್ದು ತಗೊಂಡೆ.”

ಯಜಮಾನರು ಪೂರ್ತಿ ಕಾಫಿ ಕುಡಿಯದೆ ಎದ್ದು ಹೋದರಂತೆ. ಮನೆಯಮ್ಮ ಇನ್ನೊಂದು ಮೊಳ ಹೂವು ಕಟ್ಟಿದರಂತೆ.

“ಅಮ್ಮಾವ್ರಿಗೆ ಎಂಗೆ ಗೊತ್ತಾಯ್ತೋ ಅಂತ ನಂಗೆ ತಿಳೀಲೇ ಇಲ್ಲ ಮೇಡಂ. ಆಮ್ಯಾಕೆ ಅವ್ರೇ ಹೇಳುದ್ರು. ಏಳು ವರ್ಷದಿಂದ ಅಕ್ಕಿ ಡಬ್ಬಿ ಹಿಂದೆ ಮಾತ್ರೆ ಇಡ್ತೀಯಲ್ಲ, ಡಬ್ಬಿಗೆ ಅಕ್ಕಿ ತುಂಬೋರು ಯಾರು ಅಂದ್ಕೊಂಡಿದ್ದೆ ಅಂತ.”

ಏಳು ವರ್ಷ ಆ ಮನೆಯಮ್ಮ ಮಾತ್ರೆ ನೋಡುತ್ತ, ಏನೂ ಕೇಳದೆ, ಅವಳ ಕೈಯಡುಗೆ ಉಂಡಿದ್ದಾರೆ. ನಾನು ಅವರನ್ನೂ ಯಜಮಾನರ ಜೊತೆಗೇ ಸೇರಿಸಿ ಬೈದುಕೊಂಡಿದ್ದೆ. ನಾಚಿಕೆಯಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಮಾತ್ರೆ ತೆಗೆದುಕೊಂಡು ಮರ್ಯಾದೆಯಾಗಿ ದುಡಿದು ತಿನ್ನುವ ಒಬ್ಬಳ ಬದುಕು, ಇನ್ನೊಬ್ಬರು ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಾರೋ ಇಲ್ಲವೋ ಎನ್ನುವುದರ ಮೇಲೆ ಯಾಕೆ ನಿಲ್ಲಬೇಕು? ವೆಬ್‌ಸೈಟಿಗೆ ಆ ಹೆಸರಿಟ್ಟವರು, ಸುತ್ತೋಲೆ ಬರೆದವರು, ಆ ಓದುವ ಡಬ್ಬಿಯನ್ನು ಮನೆಯವರ ಸುರಕ್ಷತೆಗೆ ಎಂದು ಮಾರಿದವರು, ಇವರಲ್ಲಿ ಒಬ್ಬರಾದರೂ ಆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆಯೇ?

ಫೋನ್ ತೆಗೆದುಕೊಂಡು ನೋಡಿದೆ. ಅವತ್ತು ಬಸ್ ನಿಲ್ದಾಣದಲ್ಲಿ ನಾನು ಕೆಳಗಿನ ಗುಂಡಿಯನ್ನು ಮಾತ್ರ ಆರಿಸಬೇಕಿತ್ತು. ಅವಸರದಲ್ಲಿ ಮೇಲಿನದನ್ನೂ ಆರಿಸಿದ್ದೆ. ಫೋನು ಹಚ್ಚಿದ ಕೂಡಲೇ ವಿಪಿಎನ್ ತಾನಾಗಿ ಏಳುವುದು ಆ ಮೇಲಿನ ಗುಂಡಿಯಿಂದ. ಅದನ್ನು ಹಾಕಿದೆ. ಫೋನನ್ನು ಮೂರು ಸಲ ಪೂರ್ತಿ ಆರಿಸಿ ಹಚ್ಚಿದೆ; ಮೂರು ಸಲವೂ ಪುಟ್ಟ ಬೀಗದ ಕೈ ಗುರುತು ಮೇಲೆ ಮೂಡಿದ ಮೇಲೆಯೇ ಬ್ರೌಸರ್ ತೆರೆದು ನೋಡಿದೆ. ಸಿಂಗಾಪುರ, ಸಿಂಗಾಪುರ, ಸಿಂಗಾಪುರ. ಹಾಡೂ ಬಂತು. ಆ ಗುರುತು ಕಾಣದೆ ತೆರೆಯಬೇಡಿ ಎಂದು ಆಕೆಗೆ ತೋರಿಸಿಕೊಟ್ಟೆ. ಅದನ್ನು ಮೊದಲ ದಿನವೇ ಹೇಳಬೇಕಿತ್ತು.

ಮಾತ್ರೆಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಆಕೆ ಎದ್ದಳು. ಬಾಗಿಲ ತನಕ ಹೋಗಿ ನಿಂತಳು.

“ಅಮ್ಮಾವ್ರು ಹೊರ್ಗಡೆ ಆಟೋದಲ್ಲಿ ಕೂತವ್ರೆ ಮೇಡಂ. ಅವ್ರ ಫೋನ್ಗೂ ಇದ್ನ ಹಾಕ್ಕೊಡ್ತೀರಾ ಅಂತ ಕೇಳು ಅಂದವ್ರೆ.”

ನಾನೇ ಹೋಗಿ ಕರೆದುಕೊಂಡು ಬಂದೆ. ಅರವತ್ತು ದಾಟಿದ, ಸಣ್ಣ ಆಕಾರದ ಹೆಂಗಸು. ಗೋಡೆಯ ಮೇಲಿನ ನಮ್ಮ ಪೋಸ್ಟರುಗಳನ್ನು ಒಂದೊಂದಾಗಿ ಓದಿದರು. ಪರೀಕ್ಷೆಗೆ ಬಂದದ್ದಲ್ಲ ಎಂದು ಅವರೇ ಹೇಳಿ, ಚೀಲದಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಕುಂಕುಮ ಇನ್ನೂ ಇತ್ತು. ಆ್ಯಪ್ ಹಾಕಿ, ಸಿಂಗಾಪುರ ಆಯ್ದು, ಆ್ಯಪ್‌ಗಳ ಪಟ್ಟಿ ತೆರೆದು ಅವರ ಮುಂದೆ ಹಿಡಿದೆ.

“ಯಾವುದು ಒಳಗೆ ಇರಬೇಕು, ಯಾವುದು ಹೊರಗೆ ಅಂತ ಹೇಳಿ ಅಮ್ಮ. ಕೆಲವು ಹೊರಗೆ ಬಿಟ್ರೆ ಅನುಮಾನ ಬರಲ್ಲ.”

ಅವರು ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಕೊನೆಯವರೆಗೆ ನೋಡಿದರು. ಸೀರೆ ಅಂಗಡಿ, ಅಡುಗೆ ವಿಡಿಯೋ, ದೇವರನಾಮ, ಪಂಚಾಂಗ.

“ಎಲ್ಲಾ ಒಳಗೇ ಹಾಕಮ್ಮ.”

“ಯಜಮಾನರು ಕೇಳಿದ್ರೆ?”

“ಕೇಳ್ಲಿ.”

ಎರಡೂ ಗುಂಡಿ ಹಾಕಿ ಫೋನ್ ಅವರ ಕೈಗೆ ಕೊಟ್ಟೆ. ಕೊಡುತ್ತ ಅಡುಗೆಯಾಕೆಯ ಕಡೆ ತಿರುಗಿದೆ. “ನಿಮ್ಮದೂ ಕೊಡಿ. ನಿಮ್ಮದೂ ಎಲ್ಲಾ ಒಳಗೆ ಹಾಕಿಬಿಡೋಣ.”

ಆಕೆ ಮನೆಯಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

“ನಂದು ಇದ್ದಂಗೇ ಇರ್ಲಿ ಮೇಡಂ. ಕೇಳ್ಲಿ ಅಂತ ನಾನು ಅನ್ನಂಗಿಲ್ವಲ್ಲ.”